ಟೈಲ್ಸ್ ಒಡೆಯೋ ಮುಂಚೆ ವಾಲ್ವ್ ಬಿಚ್ಚಿ ನೋಡಿ

1/7
ಫೋಟೊದಲ್ಲಿರೋ ಕಪ್ಪು ಟೇಪ್ ನೋಡಿ. ರಾತ್ರಿ 10 ಗಂಟೆಗೆ ನಮ್ಮ ಅಪಾರ್ಟ್‌ಮೆಂಟಿನ ಸ್ಪಾದಲ್ಲಿ ನೀರು ಅಲ್ಲಿತ್ತು. ಬೆಳಿಗ್ಗೆ 6ಕ್ಕೆ ನೋಡಿದರೆ 15 ಸೆಂಟಿಮೀಟರ್ ಕೆಳಗೆ. ಇದಕ್ಕೆ ನಮಗೆ ಸಿಕ್ಕ ಸಲಹೆ: "ವಾಟರ್‌ಪ್ರೂಫಿಂಗ್ ಹೋಗಿದೆ ಸಾರ್, ಟೈಲ್ಸ್ ಪೂರ್ತಿ ಕೀಳಬೇಕು." ಎಸ್ಟಿಮೇಟ್ ಲಕ್ಷಗಳಲ್ಲಿ. ನಿಜವಾಗಿ ಕೆಟ್ಟಿದ್ದು ಅಂಗೈಯಲ್ಲಿ ಹಿಡಿಯುವಷ್ಟಿರೋ ಒಂದು ವಾಲ್ವಿನ ರಬ್ಬರ್.

ಕೆಂಪಾಪುರ, ಹೆಬ್ಬಾಳ, ಜಕ್ಕೂರು ಕಡೆ ಪೂಲ್ ಪಕ್ಕದಲ್ಲೇ ಸ್ಪಾ ಇರೋ ಅಪಾರ್ಟ್‌ಮೆಂಟಿನಲ್ಲಿ ನೀವಿದ್ದರೆ, ಇಂಥ ಎಸ್ಟಿಮೇಟ್ ನಿಮ್ಮ ಮೀಟಿಂಗಿಗೂ ಬರಬಹುದು. ಕೈ ಎತ್ತಿ ಒಪ್ಪಿಗೆ ಕೊಡೋ ಮುಂಚೆ ಈ ಏಳೂ ಪೋಸ್ಟ್ ಓದಿ.

2/7
ಮೊದಲು ಇದು ಹೇಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಳ್ಳಿ. ಸ್ಪಾ ಒಂದೂವರೆ ಅಡಿ ಮೇಲೆ, ಪೂಲ್ ಕೆಳಗೆ. ಎರಡಕ್ಕೂ ಒಂದೇ ಪಂಪ್, ಒಂದೇ ಫಿಲ್ಟರ್. ಪಂಪ್ ಓಡುವಾಗ ಪೂಲಿನ ನೀರು ಸ್ಪಾಗೆ ಏರುತ್ತೆ, ಅಂಚು ದಾಟಿ ಮತ್ತೆ ಪೂಲಿಗೇ ಬೀಳುತ್ತೆ. ಪಂಪ್ ನಿಂತ ಮೇಲೆ ಸ್ಪಾ ನೀರು ಬಂದ ದಾರೀಲೇ ವಾಪಸ್ ಹೋಗದ ಹಾಗೆ ತಡೆಯೋದು ಎನ್‌ಆರ್‌ವಿ. ನಿಮ್ಮ ಮನೆ ಸಂಪಿನಿಂದ ಟ್ಯಾಂಕಿಗೆ ಹೋಗೋ ಪೈಪಿನಲ್ಲೂ ಇದೇ ಜಾತಿಯ ವಾಲ್ವ್ ಇರುತ್ತೆ.

ಅದರೊಳಗೆ ಒಂದೇ ಕಡೆ ತೆರೆಯೋ ಪುಟ್ಟ ಬಾಗಿಲು. ಕೂದಲು, ಎಲೆ ಚೂರು, ಮರಳಿನ ಕಾಳು ಸಿಕ್ಕಿಕೊಂಡರೆ ಬಾಗಿಲು ಪೂರ್ತಿ ಮುಚ್ಚಲ್ಲ. ವರ್ಷಗಟ್ಟಲೆ ಕ್ಲೋರಿನ್ ನೀರಿನಲ್ಲಿದ್ದ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತೆ. ಆಮೇಲೆ ರಾತ್ರಿಯಿಡೀ ಸ್ಪಾ ಸದ್ದಿಲ್ಲದೆ ಪೂಲಿಗೆ ಇಳಿಯುತ್ತೆ. ಎಲ್ಲೂ ತೇವ ಇಲ್ಲ, ಗೋಡೆ ಮೇಲೆ ಕಲೆ ಇಲ್ಲ.

3/7
"ಹಾಗಾದರೆ ಪೂಲಿನಲ್ಲಿ ನೀರು ಏರಬೇಕಿತ್ತಲ್ಲ?" ಮೀಟಿಂಗಿನಲ್ಲಿ ಎಲ್ಲರೂ ಕೇಳಿದ್ದು ಇದನ್ನೇ. ಲೆಕ್ಕ ಹಾಕೋಣ. ಸ್ಪಾ 2 ಮೀಟರ್ ಉದ್ದ, 2 ಮೀಟರ್ ಅಗಲ. 15 ಸೆಂಟಿಮೀಟರ್ ಇಳಿದರೆ 600 ಲೀಟರ್. ಪೂಲ್ 12 ಮೀಟರ್ ಉದ್ದ, 6 ಮೀಟರ್ ಅಗಲ. ಅದೇ 600 ಲೀಟರ್ ಅಲ್ಲಿ ಏರಿಸೋದು ಬರೀ 8 ಮಿಲಿಮೀಟರ್! ಕಿರುಬೆರಳಿನ ಉಗುರಿನಷ್ಟು. ಬೇಸಿಗೆ ಬಿಸಿಲಿಗೆ ಅದರಲ್ಲೂ ಒಂದಷ್ಟು ಆವಿಯಾಗಿ ಹೋಗುತ್ತೆ. ಯಾರ ಕಣ್ಣಿಗೆ ಬೀಳಬೇಕು?

ಸುಳಿವು ಮಾತ್ರ ಮುಂದೆಯೇ ಇತ್ತು. "ಪೂಲಿಗೆ ನೀರು ಬಿಟ್ಟು ಎರಡು ತಿಂಗಳಾಯ್ತು, ಅಷ್ಟು ಚೆನ್ನಾಗಿದೆ" ಅಂತ ನಾವು ಹೆಮ್ಮೆ ಪಡ್ತಿದ್ವಿ. ಬೇಸಿಗೆಯಲ್ಲಿ ಯಾವ ಪೂಲಿಗೂ ನೀರು ಸೇರಿಸಲೇಬೇಕು. ಸೇರಿಸದೆ ಮಟ್ಟ ನಿಂತಿದೆ ಅಂದರೆ ಇನ್ನೆಲ್ಲಿಂದಲೋ ಬರ್ತಿದೆ ಅಂತಲೇ ಅರ್ಥ.

4/7
ಈಗ ನನಗೆ ಕೋಪ ಬರಿಸಿದ ಭಾಗಕ್ಕೆ ಬರ್ತೀನಿ. ಪಂಪ್ ಆನ್ ಮಾಡಿದ್ದರೆ ಇಳಿದ ನೀರೇ ಪೂಲಿನಿಂದ ಮತ್ತೆ ಮೇಲೆ ಬರ್ತಿತ್ತು. ಆದರೆ ಪಂಪ್ ಟೈಮರ್ ಇದ್ದದ್ದು 7 ಗಂಟೆಗೆ. ನಮಗೋ 6ಕ್ಕೇ ಸ್ಪಾ ತುಂಬಿರಬೇಕು. ಹಾಗಾಗಿ ಪೂಲ್ ನೋಡಿಕೊಳ್ಳೋ ಅಣ್ಣನಿಗೆ ನಾವೇ ಹೇಳಿದ್ವಿ, "ಪೈಪ್ ಹಿಡಿದು ತುಂಬಿಸಿಬಿಡಿ" ಅಂತ. ದಿನಕ್ಕೆ 600 ಲೀಟರ್, ತಿಂಗಳಿಗೆ 18,000. ಅಂದರೆ 12,000 ಲೀಟರಿನ ಟ್ಯಾಂಕರ್ ಒಂದೂವರೆ. ಪೂಲಿನಿಂದ ಆವಿಯಾದದ್ದು ಬಿಟ್ಟು ಮಿಕ್ಕಿದ್ದೆಲ್ಲ ಓವರ್‌ಫ್ಲೋ ಪೈಪಿನಲ್ಲಿ ಚರಂಡಿಗೆ. ಜೊತೆಗೆ ತಣ್ಣೀರನ್ನು 25 ಡಿಗ್ರಿಯಿಂದ 38ಕ್ಕೆ ಕಾಯಿಸೋಕೆ ಕರೆಂಟ್ ಹೀಟರಿಗೆ ದಿನಾ ಸುಮಾರು 9 ಯೂನಿಟ್.

ಬಿಲ್ ಬಂದಾಗ ಬೈದದ್ದು ಯಾರಿಗೆ? ಅದೇ ಅಣ್ಣನಿಗೆ. "ರಾತ್ರಿ ವಾಲ್ವ್ ಸರಿಯಾಗಿ ಮುಚ್ಚಲ್ಲ" ಅಂತ ದೂರು. ಸಂಬಳದಲ್ಲಿ ಹಿಡ್ಕೊಳ್ಳಿ ಅನ್ನೋವರೆಗೂ ಮಾತು ಹೋಯ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆತ ಮೊದಲ ವಾರವೇ ಹೇಳಿದ್ದರು: "ಸಾರ್, ಪಂಪ್ ಓಡುವಾಗ ಇಳಿಯಲ್ಲ. ನಿಂತ ಮೇಲೇ ಇಳಿಯೋದು." ಅರ್ಧ ಕಾಯಿಲೆ ಆ ಒಂದು ಮಾತಿನಲ್ಲೇ ಗೊತ್ತಾಗ್ತಿತ್ತು. ಕೇಳಿಸಿಕೊಳ್ಳೋ ತಾಳ್ಮೆ ನಮಗಿರಲಿಲ್ಲ. ನನಗೂ ಇರಲಿಲ್ಲ.

5/7
ಈ ಪೋಸ್ಟ್ ಸೇವ್ ಮಾಡಿಟ್ಟುಕೊಳ್ಳಿ. ಖರ್ಚಿಲ್ಲದ ಪರೀಕ್ಷೆ ಇದು.

ರಾತ್ರಿ ಪಂಪ್ ಆಫ್ ಮಾಡಿ. ತಾನಾಗಿ ನೀರು ತುಂಬೋ ವ್ಯವಸ್ಥೆ ಇದ್ದರೆ ಅದನ್ನೂ ಬಂದ್ ಮಾಡಿ. ಸ್ಪಾಗೂ ಪೂಲಿಗೂ ನೀರಿನ ಮಟ್ಟಕ್ಕೆ ಟೇಪ್ ಅಂಟಿಸಿ. ಸ್ಪಾ ಮೆಟ್ಟಿಲ ಮೇಲೆ ಒಂದು ಬಕೆಟ್ ನೀರಿಟ್ಟು ಅದಕ್ಕೂ ಗುರುತು ಹಾಕಿ. ಬಕೆಟ್ಟಿನಲ್ಲಿ ಇಳಿದಷ್ಟು ಆವಿಯ ಪಾಲು. ಎರಡು ಮೂರು ದಿನ ಯಾರೂ ಇಳಿಯದ ಹಾಗೆ ಬಿಡಿ. ನೀರು ಎಲ್ಲಿ ನಿಲ್ಲುತ್ತೆ ಅನ್ನೋದೇ ಮುಖ್ಯ.

ಜೆಟ್‌ಗಳ ಎತ್ತರಕ್ಕೆ ನಿಂತರೆ: ಜೆಟ್ ಲೈನಿನ ಎನ್‌ಆರ್‌ವಿ ಮೇಲೆ ಅನುಮಾನ.
ಪೂಲಿನ ಮಟ್ಟಕ್ಕೆ ಸಮವಾಗಿ ನಿಂತರೆ: ತಳದ ಡ್ರೈನ್ ಲೈನಿನಲ್ಲಿರೋ ಮೂರು ದಾರಿಯ ವಾಲ್ವ್ ನೋಡಿ. ಹಿಡಿ ಪೂರ್ತಿ ತಿರುಗಿಲ್ಲ, ಇಲ್ಲವೇ ಒಳಗಿನ ಸೀಲ್ ಸವೆದಿದೆ.
ಲೈಟಿನ ಹತ್ತಿರವೋ ಗ್ರೌಟ್ ಬಿರುಕಿನ ಹತ್ತಿರವೋ ನಿಂತರೆ: ಅಲ್ಲೇ ಹುಡುಕಿ.
ಪೂಲಿನ ಮಟ್ಟಕ್ಕಿಂತಲೂ ಕೆಳಗೆ ಇಳಿದರೆ: ನೀರು ಹೊರಗೆ ಹೋಗ್ತಿದೆ. ಹುಡುಕಬೇಕಾದ್ದು ಒಡೆದ ಪೈಪ್ ಅಥವಾ ಸ್ಪಾ ತೊಟ್ಟಿಯ ಬಿರುಕು. ಟೈಲ್ಸ್ ಮಾತು ಆಗ ಆಡಲಿ, ನಾನೂ ಒಪ್ತೀನಿ.

ನಮ್ಮದು ಜೆಟ್ ಹತ್ತಿರ ನಿಂತಿತು. ಮತ್ತೆ ತುಂಬಿಸಿ, ಜೆಟ್‌ಗಳಿಗೆ ರಬ್ಬರ್ ಪ್ಲಗ್ ಹಾಕಿ ಇನ್ನೊಂದು ರಾತ್ರಿ ಬಿಟ್ವಿ. ಟೇಪಿನಿಂದ ಒಂದು ಕೂದಲೆಳೆಯಷ್ಟು ಬಿಟ್ಟರೆ ಇಳಿಯಲೇ ಇಲ್ಲ. ಟೈಲ್ಸ್ ಸೋರುತ್ತಿದ್ದರೆ ಪ್ಲಗ್ ಹಾಕಿದ್ದಕ್ಕೆ ನಿಲ್ಲುತ್ತಿತ್ತಾ?

6/7
ರಿಪೇರಿ ಮಾಡುವಾಗ ಮೊದಲು ಮೇನ್ ಸ್ವಿಚ್ ಆಫ್. ಆಮೇಲೆ ಎರಡೂ ಕಡೆಯ ವಾಲ್ವ್ ಬಂದ್. ಪಂಪ್ ರೂಮ್ ನೀರಿನ ಮಟ್ಟಕ್ಕಿಂತ ಕೆಳಗಿದ್ದು ಇದನ್ನು ಮರೆತರೆ ಪೂಲೇ ರೂಮಿಗೆ ಬರುತ್ತೆ. ಎನ್‌ಆರ್‌ವಿ ಮುಚ್ಚಳ ಬಿಚ್ಚಿ, ಬಾಗಿಲು ಕೂರೋ ಜಾಗ ಒರೆಸಿ, ರಬ್ಬರ್ ಬದಲಿಸಿ. ಓ-ರಿಂಗಿಗೆ ಸಿಲಿಕಾನ್ ಗ್ರೀಸ್ ಮಾತ್ರ. ವ್ಯಾಸಲೀನ್, ಗಾಡಿ ಗ್ರೀಸ್ ಬೇಡ, ಕೆಲವು ರಬ್ಬರ್ ಅದಕ್ಕೆ ಊದಿಕೊಳ್ಳುತ್ತೆ. ತಳದ ಡ್ರೈನಿನ ಜಾಲರಿ ಒಡೆದಿದ್ದರೆ ಹೊಸದು ಹಾಕೋವರೆಗೂ ಪಂಪ್ ಮುಟ್ಟಬೇಡಿ. ಮಕ್ಕಳ ಕೂದಲನ್ನು ಎಳೆದು ಹಿಡಿಯೋ ಶಕ್ತಿ ಅದಕ್ಕಿದೆ.

ನಮ್ಮ ವಾಲ್ವ್ ಬಿಚ್ಚಿದವರು ಅದೇ ಅಣ್ಣ. ಒಳಗಿದ್ದದ್ದು ಒಂದು ಹಿಡಿ ಕೂದಲು, ಸೀಳಿದ ರಬ್ಬರ್. ಮಧ್ಯಾಹ್ನ ಊಟದ ಹೊತ್ತಿಗೆ ಕೆಲಸ ಮುಗೀತು.

7/7
"ನಮ್ಮ ದುಡ್ಡು, ನಮ್ಮ ಟ್ಯಾಂಕರ್, ನಿಮಗೇನು ಕಷ್ಟ?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಟ್ಯಾಂಕರ್ ನೀರು ಲಾರಿಯಲ್ಲಿ ಹುಟ್ಟಲ್ಲ ಸ್ವಾಮಿ. ಯಾವುದೋ ಊರಿನ ಬೋರ್‌ವೆಲ್‌ನಿಂದ ಎತ್ತಿದ್ದು. ಕಾವೇರಿ ನೀರಾದರೆ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಬರಬೇಕು, ಅದೂ ಮೂರು ಕಡೆ ಪಂಪ್ ಮಾಡಿ ಮೇಲಕ್ಕೆತ್ತಿ. 2024ರ ಮಾರ್ಚ್‌ನಲ್ಲಿ ಈಜುಕೊಳಕ್ಕೆ ಕುಡಿಯೋ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ್ದು ಮರೆತುಹೋಯ್ತಾ? ಅದೇ ವರ್ಷ ಅಕ್ಟೋಬರ್‌ನಲ್ಲಿ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತ ಬಂತು, ದಿನಕ್ಕೆ 775 ದಶಲಕ್ಷ ಲೀಟರ್. ಸಂತೋಷ. ಆದರೆ ಆರನೇ ಹಂತ ಬಂದರೂ ಸೀಳಿದ ರಬ್ಬರ್ ತಾನಾಗಿ ಕೂಡಿಕೊಳ್ಳಲ್ಲ.

ಕಡಿಮೆಯಾದಷ್ಟು ನೀರು ಸುರಿಯೋದನ್ನು ನಾವು ಮೇಂಟೆನೆನ್ಸ್ ಅಂತ ಕರೀತೀವಿ. ಅದು ಮೇಂಟೆನೆನ್ಸ್ ಅಲ್ಲ, ತಪ್ಪನ್ನು ಮುಚ್ಚಿಡೋದು. ಸ್ಪಾ ಇಲ್ಲದವರೂ ಇವತ್ತು ರಾತ್ರಿ ಮನೆ ಟ್ಯಾಂಕಿನ ಮಟ್ಟ ಗುರುತು ಹಾಕಿ, ನಲ್ಲಿಗಳನ್ನೆಲ್ಲ ಮುಚ್ಚಿ ಮಲಗಿ. ಬೆಳಿಗ್ಗೆ ನೀರು ಇಳಿದಿದ್ದರೆ ಪ್ಲಂಬರ್‌ಗೆ ಮೊದಲು ಎನ್‌ಆರ್‌ವಿ ತೋರಿಸಿ.

ಟೈಲ್ಸ್ ಕೀಳೋ ತೀರ್ಮಾನ ವಾಪಸ್ ಆಯ್ತು. ಆ ಅಣ್ಣನಿಗೆ ಮೀಟಿಂಗಿನಲ್ಲಿ ಎಲ್ಲರೆದುರೇ ಬೈದಿದ್ವಿ. ಕ್ಷಮೆಯನ್ನೂ ಎಲ್ಲರೆದುರೇ ಕೇಳಬೇಕು ಅಂತ ಮುಂದಿನ ಮೀಟಿಂಗಿನ ಅಜೆಂಡಾಗೆ ಬರೆದು ಕೊಟ್ಟಿದ್ದೀನಿ. ಮೊದಲು ಎದ್ದು ನಿಲ್ಲೋದು ನಾನೇ.

#ಕೆಂಪಾಪುರ #ಹೆಬ್ಬಾಳ #ನೀರುಉಳಿಸಿ #ಮೊದಲುವಾಲ್ವ್‌ನೋಡಿ