ಅರ್ಬುದವೂ ಸಂಕೋಚವೂ

ಮಾನವಕುಲವು ಅರ್ಬುದ ರೋಗದೊಡನೆ ನಡೆಸಿದ ಹೋರಾಟವು ಬಹು ಪುರಾತನವಾದುದು. ಕ್ರಿ.ಪೂ. ಸುಮಾರು 1600ರ ಈಜಿಪ್ಟಿನ ಹಸ್ತಪ್ರತಿಯೊಂದು ಎದೆಯ ಗಡ್ಡೆಗಳನ್ನು ವರ್ಣಿಸಿ, ಅವಕ್ಕೆ ಚಿಕಿತ್ಸೆಯಿಲ್ಲವೆಂದು ಹೇಳಿ ಸುಮ್ಮನಾಗುತ್ತದೆ. ಗ್ರೀಕ್ ವೈದ್ಯರು ಈ ವ್ಯಾಧಿಯನ್ನು ಏಡಿಗೆ ಹೋಲಿಸಿದರು. ‘ಕ್ಯಾನ್ಸರ್’ ಎಂಬುದು ಏಡಿಯ ಲ್ಯಾಟಿನ್ ಹೆಸರೇ ಆಗಿದೆ. ನಮ್ಮ ಸುಶ್ರುತಸಂಹಿತೆಯು ಇಂತಹ ಗಡ್ಡೆಗಳನ್ನು ಅರ್ಬುದವೆಂದು ಕರೆಯಿತು.

ಹೆಸರು ದೊರೆತರೂ ಕಾರಣವು ಬಹುಕಾಲ ತಿಳಿಯಲಿಲ್ಲ. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯರಾದ ಪರ್ಸಿವಲ್ ಪಾಟ್ ಅವರು, ಹೊಗೆಗೂಡು ಗುಡಿಸುವವರ ಅರ್ಬುದಕ್ಕೆ ಅಲ್ಲಿನ ಮಸಿಯೇ ಮೂಲವೆಂದು ಸಾರಿದರು. ಕಾರಣವನ್ನರಿತರೆ ರೋಗವನ್ನು ತಡೆಯಬಹುದೆಂಬ ದಾರಿ ಹೀಗೆ ತೆರೆಯಿತು. 1983ರಲ್ಲಿ ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ಮತ್ತು ಸಂಗಡಿಗರು ಗರ್ಭಕಂಠದ ಅರ್ಬುದದಲ್ಲಿ ಪ್ಯಾಪಿಲೋಮಾ ವೈರಾಣುವನ್ನು ಗುರುತಿಸಿದರು. ಅದಕ್ಕಾಗಿ 2008ರಲ್ಲಿ ಹೌಸೆನ್ನರು ನೊಬೆಲ್ ಪುರಸ್ಕಾರಕ್ಕೆ ಪಾತ್ರರಾದರು. 2006ರಲ್ಲಿಯೇ ಈ ವೈರಾಣುವಿನ ವಿರುದ್ಧ ಲಸಿಕೆಯು ಬಳಕೆಗೆ ಬಂದಿತ್ತು. 9ರಿಂದ 14ರ ವಯಸ್ಸಿನ ಹೆಣ್ಣುಮಕ್ಕಳಿಗೆ ಅದನ್ನು ಕೊಡಿಸುವುದು ಶ್ರೇಯಸ್ಕರ.

ಓದುಗ ಬಂಧುಗಳೇ, ವಿಜ್ಞಾನವು ಇಷ್ಟು ದೂರ ನಡೆದು ಬಂದರೂ ನಮ್ಮ ಮನೆಯ ಹೊಸ್ತಿಲಲ್ಲಿ ಸಂಕೋಚವು ಅದನ್ನು ತಡೆದು ನಿಲ್ಲಿಸುತ್ತಿದೆ. ಎದೆಯಲ್ಲಿ ಗಂಟು ಕಂಡರೂ, ಮುಟ್ಟು ನಿಂತ ಬಳಿಕ ಮತ್ತೆ ರಕ್ತಸ್ರಾವವಾದರೂ ಎಷ್ಟೋ ತಾಯಂದಿರು ಯಾರಿಗೂ ಹೇಳದೆ ನುಂಗಿಕೊಳ್ಳುತ್ತಾರೆ. ಬೇಗ ಗುರುತಿಸಿದ ಅರ್ಬುದವು ಬಹುಮಟ್ಟಿಗೆ ಗುಣವಾಗಬಲ್ಲದು. ತಡವಾದಷ್ಟೂ ಚಿಕಿತ್ಸೆ ಕಠಿಣ. ಆದುದರಿಂದ ಮನೆಯ ಗಂಡಸರೂ ಸೇರಿ ಈ ಮಾತನ್ನು ನಿಸ್ಸಂಕೋಚವಾಗಿ ಆಡಬೇಕು. ತಾಯಿ, ಮಡದಿಯರನ್ನು ಗರ್ಭಕಂಠದ ತಪಾಸಣೆಗೆ ತಾವೇ ಕರೆದೊಯ್ಯಬೇಕು.