ಸ್ಥೂಲಕಾಯವೂ ಶಸ್ತ್ರವೈದ್ಯವೂ

ನಮ್ಮ ಓದುಗರಾದ ಗೃಹಿಣಿಯೊಬ್ಬರು ಕಳೆದ ತಿಂಗಳು ನಮಗೊಂದು ಕಾಗದ ಬರೆದಿರುವರು. ಅವರ ಮಗನಿಗೆ 27 ವರ್ಷ, ತೂಕ 130 ಕಿಲೋ. ಎಳೆತನದಿಂದಲೂ ಅವನದು ಸ್ಥೂಲ ದೇಹ. ಈಚೆಗೆ ಮಧುಮೇಹವೂ ರಕ್ತದ ಒತ್ತಡವೂ ಜತೆಗೂಡಿವೆ. ಜಠರವನ್ನು ಕಿರಿದುಮಾಡುವ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಸೂಚಿಸಿದ್ದಾರಂತೆ. ಮಗನು ಸಿದ್ಧನಾಗಿದ್ದಾನೆ. ತಂದೆಯವರಾದರೋ, “ಬಾಯಿ ಕಟ್ಟಲಾರದವನು ಹೊಟ್ಟೆ ಕೊಯ್ಯಿಸಿಕೊಳ್ಳುವುದು ನಾಚಿಕೆಗೇಡು” ಎಂದು ಮುಖ ತಿರುಗಿಸಿರುವರು. ತಾಯಿಗೆ ಭಯ. “ನೀವೇನು ಹೇಳುವಿರಿ?” ಎಂಬುದು ಅವರ ಪ್ರಶ್ನೆ.

ನಾವು ವೈದ್ಯರಲ್ಲ. ಆದರೂ ಈ ವಿಷಯದಲ್ಲಿ ಮಾತನಾಡಲು ನಮಗೊಂದು ಅಧಿಕಾರವುಂಟು: 2019ನೆಯ ಇಸವಿಯಲ್ಲಿ, ನಮ್ಮ 46ನೆಯ ವಯಸ್ಸಿನಲ್ಲಿ, ನಾವೇ ಇಂತಹ ಶಸ್ತ್ರಚಿಕಿತ್ಸೆಗೆ ಒಳಗಾದವರು. ಈ ಪುಟದಲ್ಲಿ ‘ನಾವು’ ಎಂದು ಬರೆದುಕೊಳ್ಳುವುದು ರೂಢಿ. ನಾವು 128 ಕಿಲೋ ತೂಗುತ್ತಿದ್ದ ಕಾಲದಲ್ಲಿ ಈ ಬಹುವಚನವು ನಮಗೆ ಸಹಜವಾಗಿಯೇ ಒಪ್ಪುವುದೆಂದು ಮಿತ್ರರೊಬ್ಬರು ಹಾಸ್ಯ ಮಾಡುತ್ತಿದ್ದರು, ನಾವೂ ನಗುತ್ತಿದ್ದೆವು. ಇತರರು ನಗುವುದಕ್ಕೆ ಮೊದಲು ತಾನೇ ನಕ್ಕುಬಿಡುವುದು ಸ್ಥೂಲಕಾಯನು ಎಳೆತನದಲ್ಲಿಯೇ ಕಲಿಯುವ ವಿದ್ಯೆ.

ನಾವು ಅದನ್ನು ಕಲಿತುದು ತೀರ್ಥಹಳ್ಳಿಯ ಕಡೆಯ ಅಡಿಕೆ ಮಂಡಿಯೊಂದರಲ್ಲಿ. ಹತ್ತು ವರ್ಷದ ಹುಡುಗನನ್ನು ಯಾರೋ ವಿನೋದಕ್ಕಾಗಿ ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದರು. 54 ಕಿಲೋ! ಮಂಡಿಯೆಲ್ಲ ನಕ್ಕಿತು. ಅಂದು ಸಂಜೆ ಮನೆಯಲ್ಲಿ, “ಊಟ ಬಲ್ಲವನಿಗೆ ರೋಗವಿಲ್ಲ” ಎಂಬ ಗಾದೆಯನ್ನು ನಮಗೆ ಮೊದಲ ಬಾರಿಗೆ ಹೇಳಲಾಯಿತು. ಮುಂದಿನ 36 ವರ್ಷಗಳಲ್ಲಿ ಅದನ್ನು ನಾವು ಎಷ್ಟು ಸಲ ಕೇಳಿದೆವೋ ಲೆಕ್ಕವಿಲ್ಲ. ಅದೇ ಪಂಕ್ತಿಯಲ್ಲಿ ಕುಳಿತು ಅದೇ ಅನ್ನವನ್ನು ಉಂಡ ಚಿಕ್ಕಪ್ಪನ ಮಕ್ಕಳು ಬೆತ್ತದಂತೆ ಬೆಳೆದರು. ಅವರಿಗೆ ಆ ಗಾದೆಯನ್ನು ಯಾರೂ ಹೇಳಲಿಲ್ಲ.

ಪ್ರಯತ್ನಕ್ಕೆ ನಾವು ಹಿಂದೆಗೆಯಲಿಲ್ಲ. ಏಕಾದಶಿಯೊಡನೆ ಸೋಮವಾರ, ಶನಿವಾರಗಳ ಉಪವಾಸವೂ ಸೇರಿತು. ಜೇನು ಬೆರೆಸಿದ ಬಿಸಿನೀರು, ಹುರುಳಿಯ ಕಟ್ಟು, ಬೆಳಗಿನ ಎಂಟು ಮೈಲಿ ನಡಿಗೆ, ಇವೆಲ್ಲವೂ ಆದುವು. ತೂಕ ಇಳಿಯುತ್ತಿದ್ದಿತು. ಮನೆಯವರು ಹೊಗಳುತ್ತಿದ್ದರು. ವರ್ಷ ಕಳೆಯುವುದರೊಳಗೆ ಹೋದುದೆಲ್ಲ ಬಡ್ಡಿಸಹಿತ ಹಿಂದಿರುಗುತ್ತಿದ್ದಿತು.

ನಿರ್ಧಾರಕ್ಕೆ ಕಾರಣವಾದ ಸಂಗತಿ ಬೇರೆ. ಸ್ಥೂಲಕಾಯರಲ್ಲಿ ಅನೇಕರಿಗೆ ನಿದ್ರೆಯಲ್ಲಿ ಉಸಿರಿನ ದಾರಿ ಮತ್ತೆ ಮತ್ತೆ ಕಟ್ಟಿಕೊಳ್ಳುವುದು. ರಾತ್ರಿಯ ನಿದ್ರೆ ನಿದ್ರೆಯಾಗದೆ ಹಗಲಿನಲ್ಲಿ ತೂಕಡಿಕೆ ಕವಿಯುವುದು. 2018ರ ಬೇಸಗೆಯಲ್ಲಿ ನಾವು ತೀರ್ಥಹಳ್ಳಿಯಿಂದ ಶಿವಮೊಗ್ಗೆಗೆ ಕಾರು ನಡೆಸುತ್ತಿರುವಾಗ ಮಂಡಗದ್ದೆಯ ಆಚೆ ಹಾಗೆಯೇ ಕಣ್ಣು ಮುಚ್ಚಿದೆವು. ಪಕ್ಕದಲ್ಲಿ ಹನ್ನೊಂದು ವರ್ಷದ ಮಗಳಿದ್ದಳು. ಅವಳು ಕಿರಿಚಿಕೊಂಡುದರಿಂದ ಕಾರು ರಸ್ತೆಯ ಅಂಚಿನಲ್ಲಿ ನಿಂತಿತು. ಎದುರಿಗೆ ಮರ, ಅದರ ಆಚೆ ಹೊಳೆ. ಮಗಳು ಮನೆಯಲ್ಲಿ ಏನೂ ಹೇಳಲಿಲ್ಲ. ಆದರೆ ಅಂದಿನಿಂದ ನಮ್ಮೊಡನೆ ಹೊರಟಾಗಲೆಲ್ಲ ಅವಳು ದಾರಿಯುದ್ದಕ್ಕೂ ನಿಲ್ಲಿಸದೆ ಮಾತನಾಡುತ್ತಿದ್ದಳು. ಅದರ ಕಾರಣ ನಮಗೆ ತಿಳಿದಿತ್ತು.

ಶಸ್ತ್ರವೈದ್ಯರು ಮೊದಲ ಭೇಟಿಯಲ್ಲಿ ನಮ್ಮ ಊಟದ ಮಾತನ್ನೇ ಎತ್ತಲಿಲ್ಲ. “ಹುಟ್ಟಿದಂದಿನಿಂದ ಇದುವರೆಗೆ ಒಟ್ಟು ಎಷ್ಟು ತೂಕ ಇಳಿಸಿರುವಿರಿ?” ಎಂದು ಕೇಳಿದರು. ನಾವು ಕಾಗದದ ಮೇಲೆ ಬರೆದೆವು: 9, 14, 11, 18, 7, 12. ಒಟ್ಟು 71 ಕಿಲೋ. “ಒಬ್ಬ ಆಳಿನ ತೂಕವನ್ನೇ ಇಳಿಸಿದವರಿಗೆ ಮನೋಬಲವಿಲ್ಲವೆಂದು ಹೇಳಿದವರು ಯಾರು?” ಎಂದರು. ಪಕ್ಕದಲ್ಲಿದ್ದ ನಮ್ಮ ಮನೆಯವರು ಆ ಕಾಗದವನ್ನು ಮಡಿಸಿ ಕೈಚೀಲದಲ್ಲಿ ಇಟ್ಟುಕೊಂಡರು. ಅದು ಇಂದಿಗೂ ಅವರಲ್ಲಿದೆ.

ಅನಂತರ ವೈದ್ಯರು ತಿಳಿಸಿದುದನ್ನು ಕಾಗದ ಬರೆದ ತಾಯಿಯವರು ತಮ್ಮ ಯಜಮಾನರಿಗೂ ಓದಿ ಹೇಳಬೇಕು. ತೂಕ ಇಳಿದೊಡನೆ ದೇಹವು ಅದನ್ನು ಕ್ಷಾಮವೆಂದು ಎಣಿಸಿ ಹಸಿವನ್ನು ಹೆಚ್ಚಿಸುವುದು, ಶಕ್ತಿಯ ವೆಚ್ಚವನ್ನು ತಗ್ಗಿಸುವುದು. ಆಹಾರ ತಗ್ಗಿಸಿ ತೂಕ ಕಳೆದುಕೊಂಡವರನ್ನು ಆಸ್ಟ್ರೇಲಿಯಾದ ಸಂಶೋಧಕರು ಒಂದು ವರ್ಷದ ಮೇಲೆ ಪರೀಕ್ಷಿಸಿದಾಗಲೂ ಹಸಿವಿನ ರಸಗಳು ಹಿಂದಿನ ಮಟ್ಟಕ್ಕೆ ಇಳಿದಿರಲಿಲ್ಲವೆಂದು 2011ರಲ್ಲಿ ಪ್ರಕಟವಾಯಿತು. ಡೆನ್ಮಾರ್ಕಿನಲ್ಲಿ ದತ್ತುಹೋದವರನ್ನು ಕುರಿತ 1986ರ ಅಧ್ಯಯನದಲ್ಲಿ ಅವರ ದೇಹದ ಗಾತ್ರವು ಹೆತ್ತವರನ್ನು ಹೋಲುತ್ತಿದ್ದಿತೇ ಹೊರತು ಸಾಕಿದವರನ್ನಲ್ಲ. ಊಟಕ್ಕೂ ತೂಕಕ್ಕೂ ಸಂಬಂಧವಿಲ್ಲವೆಂದು ಇದರ ಅರ್ಥವಲ್ಲ. ಒಂದೇ ಊಟವು ಎಲ್ಲರ ಮೈಯಲ್ಲಿಯೂ ಒಂದೇ ಫಲವನ್ನು ಕೊಡುವುದಿಲ್ಲ, ಮತ್ತು ಬಾಯಿ ಕಟ್ಟಿದವನೊಡನೆ ಅವನ ದೇಹವೇ ಹಗಲಿರುಳು ಹೋರಾಡುವುದು ಎಂದಿಷ್ಟೇ ಅರ್ಥ.

ಶಸ್ತ್ರಚಿಕಿತ್ಸೆಯಾದರೂ ಹೊಸತೇನಲ್ಲ. ಹುಣ್ಣಿಗಾಗಿ ಜಠರದ ಭಾಗವನ್ನು ತೆಗೆಸಿಕೊಂಡವರು ಬಡಕಲಾಗಿಯೇ ಉಳಿಯುವುದನ್ನು ಕಂಡು, ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು 1966ರಲ್ಲಿ ಇದನ್ನು ಆರಂಭಿಸಿದರು. ಈಗ ರೂಢಿಯಲ್ಲಿರುವ ವಿಧಾನಗಳಲ್ಲಿ ಮುಖ್ಯವಾದುವು ಎರಡು. ಒಂದರಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದುದನ್ನು ಬಾಳೆಯಕಾಯಿಯಂತಹ ಕೊಳವೆಯಾಗಿ ಬಿಡುವರು. ಹಸಿವಿನ ರಸವಾದ ಘ್ರೆಲಿನ್ ಹೆಚ್ಚಾಗಿ ಹುಟ್ಟುವ ಭಾಗವೂ ಇದರಲ್ಲಿ ಹೋಗುವುದು. ಇನ್ನೊಂದರಲ್ಲಿ ಜಠರದ ಮೇಲ್ತುದಿಯನ್ನು ಸುಮಾರು 30 ಮಿಲಿಲೀಟರು ಹಿಡಿಯುವ ಪುಟ್ಟ ಚೀಲವಾಗಿ ಬೇರ್ಪಡಿಸಿ, ಸಣ್ಣ ಕರುಳನ್ನು ನೇರವಾಗಿ ಅದಕ್ಕೆ ಜೋಡಿಸುವರು. ನಮಗೆ ಇನ್ಸುಲಿನ್ ಬೇಕಾಗುವಷ್ಟು ಮಧುಮೇಹವೂ ಎದೆಯುರಿಯೂ ಇದ್ದುದರಿಂದ ಎರಡನೆಯದನ್ನು ಆರಿಸಿದರು. ಎರಡನ್ನೂ ಹೊಟ್ಟೆಯಲ್ಲಿ ನಾಲ್ಕೈದು ಸಣ್ಣ ರಂಧ್ರಗಳ ಮೂಲಕವೇ ಮಾಡುವರು.

ಅಪಾಯವಿಲ್ಲವೇ? ಉಂಟು. ಹೊಲಿಗೆ ಸೋರಬಹುದು, ರಕ್ತಸ್ರಾವವಾಗಬಹುದು, ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರಬಹುದು. ನುರಿತವರ ಕೈಯಲ್ಲಿ ಸಾವು ಸಂಭವಿಸುವುದು ಸಾವಿರಕ್ಕೆ ಒಂದೆರಡರಷ್ಟು. ಚಿಕಿತ್ಸೆ ಮಾಡಿಸದೆ ಇರುವುದರಲ್ಲಿಯೂ ಅಪಾಯವಿದೆ ಎಂಬುದನ್ನು ಜನರು ಮರೆಯುವರು. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ಅಧ್ಯಯನದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು ಹನ್ನೊಂದು ವರ್ಷ ಗಮನಿಸಿದ ಮೇಲೆ, ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಸಾವು ಕಡಮೆಯೆಂದು 2007ರಲ್ಲಿ ಪ್ರಕಟಿಸಿದರು. ಹೀಗೆ ಎರಡು ತಟ್ಟೆಗಳಲ್ಲಿಯೂ ಅಪಾಯವನ್ನಿಟ್ಟು ತೂಗಿದುದು ನಮ್ಮ ಬಾಳಿನಲ್ಲಿ ಅದೇ ಮೊದಲು.

ನಮ್ಮ ತಾಯಿಯವರು ಒಪ್ಪಲಿಲ್ಲ. ದಿನವು ಆಷಾಢದಲ್ಲಿ ಬಂದುದು ಒಂದು ಆಕ್ಷೇಪ, “ನಾನು ಹಾಕಿದ ಅನ್ನವೇ ನಿನಗೆ ವಿಷವಾಯಿತೇ?” ಎಂಬುದು ನಿಜವಾದ ಆಕ್ಷೇಪ. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಎರಡು ವಾರ ವೈದ್ಯರು ಹೇಳಿದ ಲಘು ಆಹಾರವನ್ನು ತೆಗೆದುಕೊಂಡು, ಯಕೃತ್ತನ್ನು ಕುಗ್ಗಿಸಿಕೊಂಡು ಆಸ್ಪತ್ರೆ ಸೇರಿದೆವು. ಹಿಂದಿನ ರಾತ್ರಿ ಬ್ಯಾಂಕಿನ ಪುಸ್ತಕ, ವಿಮೆಯ ಕಾಗದ ಎಲ್ಲಿವೆಯೆಂದು ಮನೆಯವರಿಗೆ ಹೇಳಹೊರಟೆವು. “ಅವೆಲ್ಲ ನನಗೆ ಗೊತ್ತು, ಮಲಗಿ” ಎಂದರು.

ಶಸ್ತ್ರಚಿಕಿತ್ಸೆಯ ದಿನದ ಸಂಜೆಯೇ ನಮ್ಮನ್ನು ಎಬ್ಬಿಸಿ ನಡೆಸಿದರು. ಮೂರನೆಯ ದಿನ ಮನೆಗೆ ಬಂದೆವು. ನೋವು ಊಹಿಸಿದಷ್ಟಿರಲಿಲ್ಲ. ಎರಡು ವಾರ ಬೇಳೆಯ ತಿಳಿ, ನೀರುಮಜ್ಜಿಗೆ, ಹಾಲು. ಅದನ್ನೂ ಗುಟುಕು ಗುಟುಕಾಗಿ. ಮತ್ತೆರಡು ವಾರ ನುಣ್ಣಗೆ ಅರೆದುದು. ಆಮೇಲೆ ಮೆತ್ತನೆಯ ಅನ್ನ. ಅರ್ಧ ಇಡ್ಲಿಗೆ ಅರ್ಧ ಗಂಟೆ ಬೇಕಾಗುತ್ತಿದ್ದಿತು. ಒಂದು ತುತ್ತು ಹೆಚ್ಚಾದರೆ ಎದೆಯಲ್ಲಿ ಕಲ್ಲಿಟ್ಟಂತಾಗುತ್ತಿದ್ದಿತು.

ಕಷ್ಟದ ದಿನ ಬಂದುದು ಐದನೆಯ ವಾರದಲ್ಲಿ, ವರಮಹಾಲಕ್ಷ್ಮಿಯ ಹಬ್ಬದಂದು. ಮನೆಯಲ್ಲೆಲ್ಲ ಹೋಳಿಗೆಯ ಪರಿಮಳ. ಎಲ್ಲರೂ ಎಲೆಯ ಮುಂದೆ ಕುಳಿತರು. ನಾವು ಹಿತ್ತಲ ಜಗುಲಿಯ ಮೇಲೆ ಹೋಗಿ ಕುಳಿತು ಅತ್ತೆವು. ಹಸಿವೇನೂ ಇರಲಿಲ್ಲ. ದುಃಖ ಬಂದಾಗ, ದಣಿದಾಗ, ಯಾರಾದರೂ ನಕ್ಕಾಗ ನಮಗೆ ಜತೆಗಿದ್ದುದು ಅನ್ನ. ಆ ಜತೆಗಾರನನ್ನು ನಾವೇ ಕೈಯಾರೆ ಕಳುಹಿಸಿಕೊಟ್ಟಿದ್ದೆವು. ಏಕಾದರೂ ಮಾಡಿಸಿಕೊಂಡೆವೋ ಎಂದು ಪಶ್ಚಾತ್ತಾಪಪಟ್ಟುದು ಅದೊಂದು ದಿನ ಮಾತ್ರವಲ್ಲ. ಈ ಮನಃಸ್ಥಿತಿ ಅನೇಕರಿಗೆ ಬರುವುದೆಂದೂ ಅದನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕೆಂದೂ ನಮಗೆ ಮೊದಲೇ ತಿಳಿದಿದ್ದರೆ ಚೆನ್ನಾಗಿತ್ತು.

ಅಂದು ಹಿತ್ತಲಿಗೆ ಬಂದವರು ನಮ್ಮ ತಾಯಿ. ಕೈಯಲ್ಲಿ ಒಂದು ಬೆಳ್ಳಿಯ ಬಟ್ಟಲು, ನಮ್ಮ ಅನ್ನಪ್ರಾಶನದ್ದು. ಅದರಲ್ಲಿ ಹಿಸುಕಿದ ಮೊಸರನ್ನ. “ಇದರಷ್ಟು ಉಣ್ಣಬಹುದಲ್ಲವೇ?” ಎಂದು ಕೇಳಿದರು. ಮುಂದಿನ ಮೂರು ತಿಂಗಳು ನಮ್ಮ ಊಟದ ಅಳತೆ ಆ ಬಟ್ಟಲೇ. ಬೇಡವೆಂದವನಿಗೆ ಬಲವಂತವಾಗಿ ಬಡಿಸದಿರುವುದು ಅವರಿಗೆ ನಮ್ಮ ಶಸ್ತ್ರಚಿಕಿತ್ಸೆಗಿಂತ ಕಠಿನವಾಗಿದ್ದಿತು. ಆದರೂ ಕಲಿತರು.

ಫಲವೇನೆಂದರೆ, ಒಂದೂವರೆ ವರ್ಷಕ್ಕೆ ತೂಕ 90 ಕಿಲೋಗೆ ಇಳಿಯಿತು, ಈಗ 94. ಸ್ವಲ್ಪ ಮರಳಿ ಬರುವುದು ಸಾಮಾನ್ಯವೆಂದು ವೈದ್ಯರು ಮೊದಲೇ ತಿಳಿಸಿದ್ದರು. ನಾವು ತೆಳ್ಳಗಾಗಲಿಲ್ಲ, ನೋಡಿದವರು ಇಂದಿಗೂ ದಪ್ಪನೆಂದೇ ಹೇಳುವರು. ಇನ್ಸುಲಿನ್ ನಿಂತಿದೆ, ಒಂದು ಮಾತ್ರೆ ಉಳಿದಿದೆ. ಉಸಿರಿನ ಯಂತ್ರವಿಲ್ಲದೆ ಮಲಗುವೆವು. ನಾಲ್ಕನೆಯ ತಿಂಗಳಲ್ಲಿ ಕೂದಲು ಉದುರಿ ಮತ್ತೆ ಬಂದಿತು. ಹೊಟ್ಟೆಯ ಚರ್ಮ ಸಡಿಲವಾಗಿ ಜೋತುಬಿದ್ದಿದೆ. ಒಮ್ಮೆ ಮದುವೆಯಲ್ಲಿ ಆಸೆಗೆ ಬಿದ್ದು ಒಂದು ಹೋಳಿಗೆ ತಿಂದೆವು. ಸಿಹಿಯು ಒಮ್ಮೆಲೇ ಕರುಳಿಗೆ ಇಳಿದು ಮೈ ಬೆವರಿ ಎದೆ ಹೊಡೆದುಕೊಂಡಿತು. ಮಗಳು ಈಗ ಕಾರಿನಲ್ಲಿ ನಮ್ಮ ಪಕ್ಕದಲ್ಲಿ ಕುಳಿತು ನಿದ್ರೆ ಮಾಡುವಳು. ಇದಕ್ಕಿಂತ ದೊಡ್ಡ ಫಲವನ್ನು ನಾವು ಬಯಸಿರಲಿಲ್ಲ.

ಇನ್ನು ಕಾಗದ ಬರೆದವರಿಗೆ ಕೆಲವು ವ್ಯವಹಾರದ ಮಾತು. ಕಿಲೋಗಳಲ್ಲಿ ತೂಕವನ್ನು ಮೀಟರುಗಳಲ್ಲಿನ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆಯಿಂದ ವೈದ್ಯರು ಅರ್ಹತೆಯನ್ನು ಗೊತ್ತುಮಾಡುವರು. 1991ರಲ್ಲಿ ಅಮೆರಿಕದ ತಜ್ಞರು ನಿಗದಿಮಾಡಿದ ಮೇರೆ 40, ಜತೆಗೆ ಬೇರೆ ಕಾಯಿಲೆಯಿದ್ದರೆ 35. 2022ರಲ್ಲಿ ಅಂತರರಾಷ್ಟ್ರೀಯ ಸಂಘಗಳು ಇದನ್ನು ತಗ್ಗಿಸಿ, ಏಷ್ಯದವರಿಗೆ ಇನ್ನೂ ಕಡಮೆಯ ಅಂಕವನ್ನು ಸೂಚಿಸಿವೆ. ವಿಮೆಯ ವಿಷಯದಲ್ಲಿ, ನಮ್ಮ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಹೊರಡಿಸಿದ ನಿಯಮಗಳು 40ರ, ಅಥವಾ ತೀವ್ರವಾದ ಕಾಯಿಲೆಗಳೊಡನೆ 35ರ ಅಂಕವನ್ನು ಹೇಳುತ್ತವೆ. ಕರಾರುಪತ್ರವನ್ನು ಮೊದಲೇ ಓದಿಕೊಳ್ಳುವುದು ಒಳಿತು. 2025ರಿಂದ ಟಿರ್ಜೆಪಟೈಡ್, ಸೆಮಗ್ಲುಟೈಡ್ ಎಂಬ ತೂಕ ತಗ್ಗಿಸುವ ಸೂಜಿಮದ್ದುಗಳೂ ನಮ್ಮಲ್ಲಿ ದೊರೆಯುತ್ತಿವೆ. ಅವುಗಳ ವಿಚಾರವನ್ನೂ ವೈದ್ಯರಲ್ಲಿ ಕೇಳತಕ್ಕುದು. ಬಿಟ್ಟರೆ ತೂಕ ಮರಳುವುದು ಅಲ್ಲಿಯೂ ಉಂಟು.

ಶಸ್ತ್ರಚಿಕಿತ್ಸೆಯ ಅನಂತರ ಬಿ12, ಕಬ್ಬಿಣ, ಸುಣ್ಣಾಂಶ, ಡಿ ಜೀವಸತ್ತ್ವಗಳು ಬದುಕಿರುವವರೆಗೂ ಬೇಕು. ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ತಪ್ಪಕೂಡದು. ದಿನಕ್ಕೆ 60 ಗ್ರಾಮಿಗೆ ಕಡಮೆಯಿಲ್ಲದಂತೆ ಸಸಾರಜನಕ ಬೇಕಾದುದರಿಂದ ಸಸ್ಯಾಹಾರಿಗಳ ಮನೆಯಲ್ಲಿ ಬೇಳೆ, ಕಾಳು, ಮೊಸರು, ಪನೀರುಗಳು ಮೊದಲು, ಅನ್ನ ಆಮೇಲೆ. ಊಟದ ನಡುವೆ ನೀರು ಸಲ್ಲದು. ಅರ್ಧ ಗಂಟೆ ಕಳೆಯಲಿ. ಕರುಳು ಜೋಡಿಸಿದವರು ಐಬುಪ್ರೊಫೆನ್ನಿನಂತಹ ನೋವಿನ ಮಾತ್ರೆಗಳನ್ನು ನುಂಗಿದರೆ ಹುಣ್ಣಾಗುವುದು. ಹೊಗೆಬತ್ತಿಯನ್ನು ಬಿಟ್ಟೇ ಬಿಡಬೇಕು. ಮದ್ಯವು ಬಹುಬೇಗ ತಲೆಗೇರುವುದರಿಂದ ಅದರ ಸಹವಾಸವೂ ಬೇಡ. ಹೆಣ್ಣುಮಕ್ಕಳಾದರೆ ಒಂದು, ಒಂದೂವರೆ ವರ್ಷ ಗರ್ಭಧಾರಣೆಯನ್ನು ಮುಂದಕ್ಕೆ ಹಾಕತಕ್ಕುದು.

ಕಡೆಯದಾಗಿ ಆ ತಂದೆಯವರಿಗೆ ಒಂದು ಮಾತು. ಜಠರವನ್ನು ಕಿರಿದುಮಾಡುವುದು ವೈದ್ಯರಿಗೆ ಎರಡು ಮೂರು ಗಂಟೆಯ ಕೆಲಸ. ಉಳಿದ ಕೆಲಸವೆಲ್ಲ ನಿಮ್ಮ ಮನೆಯ ಅಡಿಗೆಯ ಕೋಣೆಯಲ್ಲಿ, ನಿಮ್ಮ ಪಂಕ್ತಿಯಲ್ಲಿ ನಡೆಯಬೇಕಾದುದು. ಮಾಡಿಸಬೇಕೋ ಬೇಡವೋ ಎಂಬುದನ್ನು ನಿಮ್ಮ ಮಗನೂ ವೈದ್ಯರೂ ಕುಳಿತು ನಿರ್ಧರಿಸಲಿ. ನೀವು ಅವನಲ್ಲಿ ಒಂದು ಪ್ರಶ್ನೆಯನ್ನು ಮಾತ್ರ ಕೇಳಿ: ಇದುವರೆಗೆ ಒಟ್ಟು ಎಷ್ಟು ತೂಕ ಇಳಿಸಿದ್ದೀಯೆ? ಅವನು ಲೆಕ್ಕ ಹೇಳಿ ಮುಗಿಸುವವರೆಗೆ ನಡುವೆ ಮಾತನಾಡಬೇಡಿ.