ಕಾಣದ ಕೊಕ್ಕೆ

ಹಳ್ಳಿಗಾಡಿನ ನಿರ್ಜನದಲ್ಲಿ ನಡೆಯುವ ಅಗ್ಗದ ಕೊಲೆಚಿತ್ರಗಳನ್ನು ಅವುಗಳ ಅಭಿಮಾನಿಗಳು ಹರಿದ ನೆತ್ತರಿನಿಂದ ಅಳೆಯುತ್ತಾರೆ. 1974ರ ‘ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’ಗೆ ಆ ಅಳತೆಗೋಲು ಒಗ್ಗದು. ಟೋಬ್ ಹೂಪರ್ ಅದನ್ನು 16 ಮಿ.ಮೀ. ಫಿಲ್ಮಿನಲ್ಲಿ, ಟೆಕ್ಸಾಸಿನ ಬಿರುಬೇಸಿಗೆಯಲ್ಲಿ, ಹೆಸರಿಲ್ಲದ ನಟರನ್ನು ಇಟ್ಟುಕೊಂಡು ಚಿತ್ರಿಸಿದರು. ಶೀರ್ಷಿಕೆಯೇ ಹತ್ಯಾಕಾಂಡ, ತೆರೆಯ ಮೇಲೆ ಮಾತ್ರ ರಕ್ತ ವಿರಳ. ತರುಣಿಯೊಬ್ಬಳನ್ನು ಮಾಂಸದ ಕೊಕ್ಕೆಗೆ ಸಿಕ್ಕಿಸುವಾಗ ಕೊಕ್ಕೆ ಮೈಗಿಳಿಯುವುದು ಕಾಣುವುದಿಲ್ಲ. ಅವಳ ಕಾಲಕೆಳಗೊಂದು ತೊಟ್ಟಿಯಿದೆ, ಅಷ್ಟೇ. ಅದು ಏತಕ್ಕೆಂದು ಊಹಿಸುವ ಕೆಲಸ ನಮ್ಮದು.

ನನ್ನನ್ನು ಇನ್ನೂ ಹೆಚ್ಚು ಕಾಡುವುದು ಆರಂಭದ ಒಂದು ಮಾತು. ವ್ಯಾನು ಹತ್ತಿದ ಅಪರಿಚಿತ, ದನ ಕಡಿಯಲು ಸುತ್ತಿಗೆಯೇ ಮೇಲೆಂದೂ ಹೊಸ ಗಾಳಿಬಂದೂಕಿನಿಂದ ಜನ ಕೆಲಸ ಕಳೆದುಕೊಂಡರೆಂದೂ ಹೇಳುತ್ತಾನೆ. ಅವನು ಆ ಕೊಲೆಗಾರರ ಮನೆಯವನೇ. ಅಲ್ಲಿಯವರಿಗೆ ಕೆಲಸ ಹೋಗಿದೆ, ಕಸುಬು ಉಳಿದಿದೆ. ಅನುಕರಿಸಿದ ಅನೇಕರು ಮುಖವಾಡ, ಗರಗಸಗಳನ್ನು ಎರವಲು ತಂದರು. ಈ ನಿರುದ್ಯೋಗವನ್ನು ತರಲಿಲ್ಲ. ಅವರ ಕೊಲೆಗಾರ ಕಾಡಿನಲ್ಲೇಕೆ ಇದ್ದಾನೆಂದರೆ ಉತ್ತರವಿಲ್ಲ. ‘ಹಣ ಸಾಲಲಿಲ್ಲ’ ಎಂಬ ಸಮಜಾಯಿಷಿಯನ್ನು ಅಭಿಮಾನಿಗಳೇಕೆ ಒಪ್ಪಬೇಕು? ಹಣ ಹೂಪರ್ ಬಳಿಯೂ ಇರಲಿಲ್ಲ.